ಕತ್ತರಿ ಆಡಿಸುವ ಮೊದಲು

(ಹೊಲಿಗೆ ತರಬೇತಿ ಪಡೆಯುವವರ ಮುಂದೆ ಆಡಿದ ಮಾತು)



ಉಡುಪು ತಯಾರಿಕೆಗೆ ಹರಡಿದ ಬಟ್ಟೆಯಲ್ಲಿ ಸುಮಾರು ಶೇ 15ರಷ್ಟು ಚಿಂದಿಯಾಗಿ ಹೋಗುತ್ತದೆ ಎಂಬುದು ಉದ್ಯಮದಲ್ಲಿ ಸಾಮಾನ್ಯವಾಗಿ ಹೇಳುವ ಅಂದಾಜು. ಆ ಚಿಂದಿಯಲ್ಲಿ ಹತ್ತಿಗೆ ಹರಿಸಿದ ನೀರಿದೆ, ನೇಯ್ದವರ ದುಡಿಮೆಯಿದೆ. ಹಳೆ ಬಟ್ಟೆ, ಚಿಂದಿ ಸೇರಿಸಿ ಕೌದಿ ಹೊಲಿಯುವ ಜಾಣ್ಮೆ ನಮ್ಮಲ್ಲಿ ಹಿಂದಿನಿಂದಲೂ ಉಂಟು. ಆದರೆ ಅದು ಚಿಂದಿ ಬಿದ್ದ ಮೇಲಿನ ಮಾತು. ಬೀಳದಂತೆ ಮಾಡಲು ಸಾಧ್ಯವೇ?

ಬಟ್ಟೆ ಮಗ್ಗದಿಂದ ಇಳಿಯುವುದು ಆಯಾಕಾರದಲ್ಲಿ. ನಾವು ಬರೆಯುವ ತೋಳು, ಕಂಕುಳು, ಕೊರಳು ಎಲ್ಲವೂ ಬಾಗಿದ ಗೆರೆಗಳು. ಇಂಥ ತುಂಡುಗಳನ್ನು ಎಷ್ಟೇ ಒತ್ತಾಗಿ ಜೋಡಿಸಿದರೂ ನಡುವೆ ಸಂದು ಉಳಿಯುತ್ತದೆ. ಕಂಪ್ಯೂಟರ್ ಆ ಸಂದನ್ನು ಕಿರಿದು ಮಾಡಬಲ್ಲದು, ಇಲ್ಲವಾಗಿಸುವುದು ಕಷ್ಟ. ಏಕೆಂದರೆ ನಮೂನೆ ಆಗಲೇ ತೀರ್ಮಾನವಾಗಿರುತ್ತದೆ.

ಹಿಂದಿನವರು ನಮೂನೆಯಲ್ಲೇ ಈ ಲೆಕ್ಕ ಮುಗಿಸುತ್ತಿದ್ದರು. ಉತ್ತರ ಭಾರತದ ಕಲಿದಾರ್ ಕುರ್ತಾ ನೋಡಿ. ಎದೆ, ಬೆನ್ನು, ತೋಳಿಗೆ ನೇರ ಪಟ್ಟಿಗಳು. ಕೆಳಗೆ ಘೇರು ಬೇಕಾದರೆ ಆಯಾಕಾರದ ತುಂಡನ್ನು ಓರೆಯಾಗಿ ಸೀಳಿ, ಸಿಕ್ಕ ಎರಡು ಭಾಗಗಳನ್ನು ಎರಡು ಬದಿಗೆ ಸೇರಿಸುತ್ತಾರೆ. ಕೈ ಸಲೀಸಾಗಿ ಎತ್ತಲು ಕಂಕುಳಲ್ಲೊಂದು ಚೌಕ ತುಂಡು. ಕೊರಳ ಬಳಿ ಬಿಟ್ಟರೆ ಬೇರೆಡೆ ಹೆಚ್ಚು ಪೋಲಾಗದು.

ಜಪಾನಿನ ಕಿಮೋನೊ ಕೂಡ ಹೀಗೆಯೇ. ಸುಮಾರು 36 ಸೆಂ.ಮೀ. ಅಗಲ, 12 ಮೀಟರ್ ಉದ್ದದ ಒಂದೇ ಥಾನಿನಿಂದ 8 ನೇರ ತುಂಡುಗಳು. ಹೆಚ್ಚಾದದ್ದನ್ನು ಕತ್ತರಿಸದೆ ಒಳಕ್ಕೆ ಮಡಚುತ್ತಾರೆ. ಹೊಲಿಗೆ ಬಿಚ್ಚಿ, ಒಗೆದು, ಮತ್ತೆ ಹೊಲಿಯಬಹುದು.

ಮಗ್ಗದ ಅಗಲಕ್ಕೂ ಉಡುಪಿನ ಆಕಾರಕ್ಕೂ ಇರುವ ಈ ನಂಟನ್ನು ಡೊರೊತಿ ಬರ್ನ್‌ಹ್ಯಾಮ್ 1973ರಲ್ಲಿ ‘ಕಟ್ ಮೈ ಕೋಟ್’ ಎಂಬ ಪುಟ್ಟ ಪುಸ್ತಕದಲ್ಲಿ ತೋರಿಸಿಕೊಟ್ಟರು. ಅದನ್ನು ಪ್ರಕಟಿಸಿದ್ದು ಟೊರಾಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಂ. ಟಿಮೊ ರಿಸಾನೆನ್ ಮತ್ತು ಹಾಲಿ ಮೆಕ್‌ಕ್ವಿಲನ್ 2016ರಲ್ಲಿ ಬರೆದ ‘ಜೀರೋ ವೇಸ್ಟ್ ಫ್ಯಾಷನ್ ಡಿಸೈನ್’ ಇದನ್ನು ಇಂದಿನ ಉಡುಪುಗಳಿಗೆ ಅನ್ವಯಿಸುತ್ತದೆ.

ತೊಡಕು ಇಲ್ಲದಿಲ್ಲ. ಸಡಿಲ ಕುರ್ತಾಕ್ಕೆ ಒಪ್ಪುವ ಲೆಕ್ಕ ಮೈಗಂಟುವ ರವಿಕೆಗೆ ಸುಲಭವಾಗಿ ಒಪ್ಪದು. ಒಂದು ಅಳತೆಗೆ ಸರಿಯಾಗಿ ಕೂಡಿದ ತುಂಡುಗಳು ದೊಡ್ಡ ಅಳತೆಗೆ ಹೋದಾಗ ಬಟ್ಟೆಯ ಅಗಲ ಮೀರುತ್ತವೆ. ಹತ್ತಾರು ಅಳತೆಗಳಲ್ಲಿ ಸಾವಿರಾರು ಅಂಗಿ ಹೊಲಿಯುವ ಕಾರ್ಖಾನೆಗೆ ಇದು ಸಣ್ಣ ಸಮಸ್ಯೆಯಲ್ಲ. ಚಿತ್ರ ಬರೆಯುವವರು, ನಮೂನೆ ತೆಗೆಯುವವರು, ಕತ್ತರಿಸುವವರು ಬೇರೆ ಬೇರೆ ಕೋಣೆಗಳಲ್ಲಿ ಕುಳಿತರೆ ಇದು ಬಗೆಹರಿಯದು.

ನಿಮಗೆ ಆ ತಾಪತ್ರಯವಿಲ್ಲ. ಮೂರೂ ಕೆಲಸ ನಿಮ್ಮ ಕೈಯಲ್ಲೇ ಇದೆ. ನಾಳೆ ಗಿರಾಕಿಯ ಅಳತೆ ಬರೆದುಕೊಳ್ಳುವಾಗ ಅದರ ಪಕ್ಕದಲ್ಲೇ ಬಟ್ಟೆಯ ಅಗಲವನ್ನೂ ಬರೆದುಕೊಳ್ಳಿ. ನಮೂನೆಯನ್ನು ಅಲ್ಲಿಂದ ಶುರು ಮಾಡಿ.