ಕೊಯ್ಲಿನ ಯಂತ್ರವೂ ಉದುರುವ ಕಾಳೂ
(ಭತ್ತದ ಕೊಯ್ಲಿಗೆ ಮುಂಚೆ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಮೊದಲು ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ಕಳೆದ ವರ್ಷ ನಮ್ಮ ಗದ್ದೆಯನ್ನು ಯಂತ್ರದಿಂದ ಕೊಯ್ಯಿಸಿದೆವು. ಕೆಲಸ ಬೇಗ ಮುಗಿಯಿತೆಂದು ಸಂತೋಷಪಟ್ಟೆವು. ಆ ಮೇಲೆ ಒಂದು ಮಳೆ ಬಿತ್ತು. ಕೊಯ್ದ ಗದ್ದೆ ಸಸಿಮಡಿಯಂತೆ ಹಸಿರಾಯಿತು. "ನಾವು ಬಿತ್ತಲಿಲ್ಲ, ಇದು ಯಾರ ಮನೆಯ ಬೀಜ?" ಎಂದು ತಂದೆಯವರು ಕೇಳಿದರು. ವ್ಯವಸಾಯ ಡಿಪ್ಲೊಮಾ ಓದಿದ ನಾನು ತಲೆ ತಗ್ಗಿಸಿದೆನು.

ತುಂಗಭದ್ರಾ ಎಡದಂಡೆ ಕಾಲುವೆಯ ನಮ್ಮ ಸೀಮೆಯಲ್ಲಿ ಕೊಯ್ಲಿಗೆ ಆಳು ಸಿಗುವುದು ಕಷ್ಟ. ಆದುದರಿಂದ ಯಂತ್ರ ಬೇಕೇ ಬೇಕು. ತಪ್ಪು ಯಂತ್ರದ್ದಲ್ಲ, ನಮ್ಮ ಅವಸರದ್ದು. ಗಂಟೆಯ ಲೆಕ್ಕದ ಬಾಡಿಗೆಯಾದರೆ ನಮಗೆ ಅವಸರ; ಎಕರೆಯ ಲೆಕ್ಕವಾದರೆ ಡ್ರೈವರಿಗೆ ಅವಸರ. ಎರಡರಲ್ಲಿಯೂ ನಷ್ಟ ನಮ್ಮದೇ.

ನಷ್ಟವನ್ನು ಅಳೆಯುವುದು ಸುಲಭ. ಮೀಟರು ಉದ್ದ, ಮೀಟರು ಅಗಲದ ಕಡ್ಡಿಯ ಚೌಕಟ್ಟು ಮಾಡಿಕೊಳ್ಳಿರಿ. ಯಂತ್ರ ಸ್ವಲ್ಪ ದೂರ ಕೊಯ್ದ ಮೇಲೆ ನಿಲ್ಲಿಸಿ, ಇಂಜಿನ್ ಪೂರಾ ನಿಂತ ಮೇಲೆಯೇ ಹತ್ತಿರ ಹೋಗಿರಿ. ಕೊಯ್ದ ಪಟ್ಟಿಯ ಅಗಲಕ್ಕೂ ಮೂರು ನಾಲ್ಕು ಕಡೆ ಚೌಕಟ್ಟನ್ನಿಟ್ಟು, ಹುಲ್ಲನ್ನು ಸರಿಸಿ, ಕಾಳು ಎಣಿಸಿ ಸರಾಸರಿ ತೆಗೆಯಿರಿ. ಕೊಯ್ಯದ ಪೈರಿನ ಬುಡದಲ್ಲಿ ತಾನಾಗಿ ಉದುರಿದ ಕಾಳನ್ನು ಇದರಲ್ಲಿ ಕಳೆಯಿರಿ. ದಪ್ಪ ಭತ್ತದ 1000 ಕಾಳು ಸುಮಾರು 25 ಗ್ರಾಂ ತೂಗುತ್ತದೆ. ಚೌಕಟ್ಟಿನಲ್ಲಿ 100 ಕಾಳು ಉಳಿದರೆ ಎಕರೆಗೆ 10 ಕಿಲೊ ಹೋಯಿತೆಂದು ತಿಳಿಯಿರಿ. ಐದು ಎಕರೆಗೆ ಅರ್ಧ ಕ್ವಿಂಟಾಲು! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬುದು ಇದೇ.

ಕಾಳು ಎಲ್ಲಿ ಹೋಯಿತೆಂದು ನೋಡಿದರೆ ಕಾರಣ ತಿಳಿಯುತ್ತದೆ. ಹಿಂದೆ ಬಿದ್ದ ಹುಲ್ಲಿನ ತೆನೆಯಲ್ಲಿ ಕಾಳು ಉಳಿದಿದ್ದರೆ ಒಕ್ಕುವ ಡ್ರಮ್ಮು ನಿಧಾನವಾಗಿದೆ, ಇಲ್ಲವೆ ಪೈರು ಹಸಿಯಾಗಿದೆ. ತೊಟ್ಟಿಯಲ್ಲಿ ಒಡೆದ ಕಾಳಿದ್ದರೆ ಡ್ರಮ್ಮು ಹೆಚ್ಚು ಜೋರಾಗಿದೆ. ಹೊಟ್ಟಿನ ಜೊತೆಗೆ ಗಟ್ಟಿ ಕಾಳು ಹಾರಿದ್ದರೆ ಫ್ಯಾನಿನ ಗಾಳಿ ಹೆಚ್ಚಾಗಿದೆ, ಅಥವಾ ಯಂತ್ರ ಓಡುತ್ತಿದೆ. ಮುಂದಿನ ರೀಲು ಅತಿ ವೇಗವಾಗಿ ಬಡಿದರೆ ಕತ್ತರಿಸುವ ಮೊದಲೇ ಕಾಳು ಉದುರುತ್ತದೆ. ಇವೆಲ್ಲವನ್ನೂ ಡ್ರೈವರು ಅಲ್ಲಿಯೇ ಸರಿಮಾಡಬಲ್ಲನು. ಕೇಳಲು ಸಂಕೋಚ ಬೇಡ.

ನಾವು ಮಾಡತಕ್ಕದ್ದೂ ಉಂಟು. ಕೊಯ್ಲಿಗೆ ಹತ್ತು ಹದಿನೈದು ದಿನ ಮೊದಲು ನೀರು ಬಸಿದು ನೆಲ ಗಟ್ಟಿಮಾಡಿರಿ. ಕಾಳಿನ ತೇವ ನೂರಕ್ಕೆ 20ರ ಆಸುಪಾಸಿಗೆ ಬಂದಾಗ ಕೊಯ್ಯಿಸಿರಿ. ತೀರ ಒಣಗಿದರೆ ಉದುರುತ್ತದೆ. ಬೆಳಗಿನ ಇಬ್ಬನಿ ಆರಲಿ. ಬಿದ್ದ ಪೈರನ್ನು ಅದು ಒರಗಿದ ದಿಕ್ಕಿಗೆ ಎದುರಾಗಿ, ನಿಧಾನವಾಗಿ ಕೊಯ್ಯಿಸಿರಿ. ಬೀಜಕ್ಕೆ ಇಡುವ ಭತ್ತವಾದರೆ ಹಿಂದಿನ ಗದ್ದೆಯ ಕಾಳು ಬೆರೆಯದಂತೆ ಯಂತ್ರವನ್ನು ಮೊದಲೇ ಶುಚಿಮಾಡಿಸಿರಿ. ಕೊಯ್ದ ಹಸಿ ಭತ್ತವನ್ನು ರಾಶಿಯಲ್ಲಿ ಬಿಡದೆ ಅಂದೇ ತೆಳುವಾಗಿ ಹರವಿರಿ. ಸರ್ಕಾರಿ ಖರೀದಿಗೆ ತೇವ 17ನ್ನು ಮೀರಬಾರದು. ಮನೆಯಲ್ಲಿ ಕೂಡಿಡಲು 14ಕ್ಕಿಂತ ಕಡಿಮೆಯಿರಬೇಕು.

ಈ ಸಲ ನಮ್ಮ ಗದ್ದೆಗೆ ಯಂತ್ರ ಬಂದಾಗ ಮೊದಲ ಸಾಲಿನಲ್ಲಿಯೇ ನಿಲ್ಲಿಸಿ, ತಂದೆಯವರೂ ನಾನೂ ಕುಳಿತು ಕಾಳು ಎಣಿಸುವೆವು. ನೀವೂ ಎಣಿಸಿರಿ. ಹತ್ತು ನಿಮಿಷದ ಬಾಡಿಗೆ ಹೋದೀತು, ವರ್ಷದ ದುಡಿಮೆ ಉಳಿದೀತು.