ಗೆರೆ ಎಳೆಯುವಾಗ ನಾವೆಲ್ಲಿದ್ದೆವು?

(ಬೆಂಗಳೂರು ದಕ್ಷಿಣದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)

ಮೊದಲು ಒಂದು ಪ್ರಶ್ನೆ. ನಿಮ್ಮ ಹಾಸ್ಟೆಲು ಯಾವ ವಾರ್ಡಿನಲ್ಲಿದೆ? ನಿಮ್ಮ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಅಮ್ಮನ ಮನೆ ಯಾವ ವಾರ್ಡಿನಲ್ಲಿದೆ? ಕೈ ಎತ್ತಿದವರು ಇಬ್ಬರೋ ಮೂವರೋ. ನಿಮ್ಮನ್ನು ಹೀಯಾಳಿಸೋಕೆ ಕೇಳಿದ್ದಲ್ಲ. ನಾವೂ ತಡವಾಗಿಯೇ ತಿಳಿದವರು. ಆ ತಡದ ಬಗ್ಗೆಯೇ ಇವತ್ತಿನ ಮಾತು.

ನಡೆದದ್ದು ಇಷ್ಟು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯ ಚುನಾವಣೆ ಆದದ್ದು 2015ರಲ್ಲಿ. 2020ರ ಸೆಪ್ಟೆಂಬರಿಗೆ ಆ ಸದಸ್ಯರ ಅವಧಿ ಮುಗೀತು. ಆಮೇಲೆ ಅಧಿಕಾರಿಗಳ ಆಳ್ವಿಕೆ. 2021ರಲ್ಲಿ ಕೋವಿಡ್ಡಿನ ಎರಡನೇ ಅಲೆ ಬಂದು ಹೆಣಗಳು ಸಾಲು ನಿಂತಾಗ, ನಮ್ಮ ಜನ ಹೋಗಿ ಬಾಗಿಲು ತಟ್ಟೋಕೆ ವಾರ್ಡಿಗೊಬ್ಬ ಸದಸ್ಯ ಅಂತ ಇರಲಿಲ್ಲ. ಆಮೇಲೆ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂತು. 2025ರ ಮೇ 15ರಿಂದ ಜಾರಿ. ಒಂದು ಪಾಲಿಕೆ ಇದ್ದದ್ದು ಐದಾಗಿ ಒಡೀತು. 2025ರ ಜುಲೈ 19ಕ್ಕೆ ಕರಡು ಹೊರಡಿಸಿ, ಮೂವತ್ತು ದಿವಸದಲ್ಲಿ ಆಕ್ಷೇಪಣೆ ಹೇಳಿ ಅಂದರು. ಸೆಪ್ಟೆಂಬರ್ 2ಕ್ಕೆ ಐದೂ ಪಾಲಿಕೆ ಹುಟ್ಟಿದವು. ಜಯನಗರ, ಬಿ.ಟಿ.ಎಂ. ಲೇಔಟ್, ಬೊಮ್ಮನಹಳ್ಳಿ ಕಡೆಯವರೆಲ್ಲ ಬೆಂಗಳೂರು ದಕ್ಷಿಣ ನಗರ ಪಾಲಿಕೆಗೆ ಸೇರಿದರು.

ಆಮೇಲೆ ವಾರ್ಡಿನ ಗೆರೆ. ಸೆಪ್ಟೆಂಬರ್ 30ಕ್ಕೆ ಕರಡು ಬಂತು. ಆಕ್ಷೇಪಣೆಗೆ ಅಕ್ಟೋಬರ್ 15 ಕಡೇ ದಿನ. ಅಂದ್ರೆ ಹದಿನೈದು ದಿವಸ. ಅದರೊಳಗೇ ಆಯುಧಪೂಜೆ, ವಿಜಯದಶಮಿ. ನವೆಂಬರಿನಲ್ಲಿ ಅಂತಿಮ ಪಟ್ಟಿ ಹೊರಬಿತ್ತು. ಐದು ಪಾಲಿಕೆಗೂ ಸೇರಿ 369 ವಾರ್ಡು. ದಕ್ಷಿಣಕ್ಕೆ 72.

ಗೆರೆ ತಾನೇ, ಅದರಲ್ಲೇನಿದೆ ಅಂತೀರಾ? ಲೆಕ್ಕ ಹಾಕಿ ನೋಡೋಣ. ಗೆರೆ ಎಳೆದದ್ದು 2011ರ ಜನಗಣತಿ ಹಿಡಿದು. ಆಗ ಪಾಲಿಕೆಯ ಜನಸಂಖ್ಯೆ 84,43,675. 369ಕ್ಕೆ ಹಂಚಿದರೆ ವಾರ್ಡಿಗೆ ಸರಾಸರಿ ಇಪ್ಪತ್ತಮೂರು ಸಾವಿರ ಜನ. ಲೆಕ್ಕಕ್ಕೆ ಅಂತ ನಾಲ್ಕು ಸಾವಿರ ಜನರ ಒಂದು ಕೇರಿ ಇಟ್ಟುಕೊಳ್ಳಿ. ಇಡೀ ಕೇರಿ ಒಂದೇ ವಾರ್ಡಿನಲ್ಲಿದ್ದರೆ ನೂರಕ್ಕೆ ಹದಿನೇಳು ಪಾಲು. ನಮ್ಮನ್ನು ದಾಟಿ ಯಾರೂ ಗೆಲ್ಲೋದು ಕಷ್ಟ. ಅದೇ ಕೇರಿಯ ನಡುಬೀದಿಯಲ್ಲಿ ಗೆರೆ ಹಾದುಹೋಯ್ತು ಅನ್ನಿ. ಈ ಕಡೆ ಎರಡು ಸಾವಿರ, ಆ ಕಡೆ ಎರಡು ಸಾವಿರ. ಎರಡೂ ವಾರ್ಡಿನಲ್ಲಿ ನೂರಕ್ಕೆ ಒಂಬತ್ತರಷ್ಟೂ ಇಲ್ಲ. ಒಬ್ಬರ ಗುಡಿಸಲನ್ನೂ ಮುಟ್ಟಿಲ್ಲ, ಒಬ್ಬರ ಮತವನ್ನೂ ಕಿತ್ತಿಲ್ಲ. ಆದರೂ ಕೇರಿಯ ಬಲ ಅರ್ಧ. ಮೀಸಲಾತಿಯೂ ಅಷ್ಟೇ. ಸಂವಿಧಾನದ 243ಟಿ ವಿಧಿ ನಮ್ಮ ಜನಸಂಖ್ಯೆಗೆ ತಕ್ಕಷ್ಟು ಸ್ಥಾನ ಕೊಡಬೇಕು ಅನ್ನುತ್ತೆ, ಆ ಸ್ಥಾನಗಳಲ್ಲಿ ಕಡೇಪಕ್ಷ ಮೂರರಲ್ಲೊಂದು ನಮ್ಮ ಹೆಂಗಸರಿಗೆ. ಆದರೆ ಯಾವ ವಾರ್ಡಿನೊಳಗೆ ನಾವು ಎಷ್ಟು ಜನ ಅನ್ನೋದನ್ನ ತೀರ್ಮಾನ ಮಾಡೋದು ಅದೇ ಗೆರೆ.

ಇನ್ನೊಂದು ಮಾತು. 2011ರ ಎಣಿಕೆಯಾದ ಮೇಲೆ ರಾಯಚೂರು, ಕಲಬುರಗಿ, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದು ಶೀಟಿನ ಮನೆಯಲ್ಲಿರೋ ನಮ್ಮ ಜನ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಈ ನಗರವನ್ನು ಮೇಲಕ್ಕೆ ಕಟ್ಟಿದವರು ಈ ನಗರದ ನಕ್ಷೆಯಲ್ಲಿಲ್ಲ.

ಹಾಗಾದ್ರೆ ಆ ಹದಿನೈದು ದಿವಸದಲ್ಲಿ ಮಾತಾಡಿದವರು ಯಾರು? ಲೆಟರ್‌ಹೆಡ್ ಇದ್ದವರು. ನಿವಾಸಿಗಳ ಸಂಘದವರು, ಪಕ್ಷದವರು, ವಕೀಲರು. ಅವರು ಮಾತಾಡಿದ್ದು ತಪ್ಪಲ್ಲ, ಅದು ಅವರ ಹಕ್ಕು. ಆದರೆ ಬೆಳಗಿನ ಜಾವ ಪೊರಕೆ ಹಿಡಿದು ಜಯನಗರದ ರಸ್ತೆಗಿಳಿಯೋ ಪೌರಕಾರ್ಮಿಕಳಿಗೆ ರಾಜ್ಯಪತ್ರ ಓದಿ ಹೇಳಿದವರು ಯಾರು? ಯಾರೂ ಇಲ್ಲ. ನಾವೂ ಹೇಳಲಿಲ್ಲ. ತಪ್ಪು ಸರ್ಕಾರದ್ದು ಮಾತ್ರ ಅಲ್ಲ, ನಮ್ಮದೂ ಇದೆ. ಧಿಕ್ಕಾರ ಕೂಗೋಕೆ ಬರ್ತೀವಿ, ಅರ್ಜಿ ಬರೆಯೋಕೆ ಬರೋದಿಲ್ಲ.

ಬಾಬಾಸಾಹೇಬರು ಹೀಗಿರಲಿಲ್ಲ. 1919ರ ಜನವರಿಯಲ್ಲಿ ಯಾರಿಗೆ ಮತ ಕೊಡಬೇಕು ಅಂತ ವಿಚಾರಿಸೋಕೆ ಸೌತ್‌ಬರೋ ಸಮಿತಿ ಮುಂಬೈಗೆ ಬಂದಾಗ, ಅವರಿಗೆ ಇನ್ನೂ 27 ವರ್ಷ. ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಸಮಿತಿ ಮುಂದೆ ಹೋಗಿ ಲಿಖಿತ ಹೇಳಿಕೆ ಕೊಟ್ಟರು. ಅಸ್ಪೃಶ್ಯರಿಗೆ ಮತ ಬೇಕು, ಅವರ ಪ್ರತಿನಿಧಿ ಅವರಲ್ಲೇ ಒಬ್ಬನಾಗಿರಬೇಕು ಅಂತ ವಾದಿಸಿದರು. ನಿಮಗಿಂತ ನಾಲ್ಕೈದು ವರ್ಷ ದೊಡ್ಡವರು, ಅಷ್ಟೇ.

ಮಹಾಡದ್ದೂ ಒಂದು ಪುರಸಭೆಯ ಕತೆಯೇ. 1924ರಲ್ಲಿ ಮಹಾಡದ ಪುರಸಭೆ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತ್ತು. ಠರಾವು ಕಾಗದದಲ್ಲಿ, ನೀರು ಸವರ್ಣರ ಕೊಡದಲ್ಲಿ. 1927ರ ಮಾರ್ಚ್ 20ಕ್ಕೆ ಬಾಬಾಸಾಹೇಬರ ಹಿಂದೆ ನಮ್ಮ ಜನ ನಡೆದುಹೋಗಿ ಆ ನೀರು ಕುಡಿದರು. ಅದೇ ವರ್ಷ ಆಗಸ್ಟಿನಲ್ಲಿ ಪುರಸಭೆ ತನ್ನ ಠರಾವನ್ನೇ ವಾಪಸು ತಗೊಂಡಿತು. ಕೋರ್ಟಿನಲ್ಲಿ ಗೆಲ್ಲೋಕೆ 1937 ಆಯ್ತು. ಇದರಿಂದ ಏನು ಕಲೀಬೇಕು? ನಾವಿಲ್ಲದ ಸಭೆ ಕೊಟ್ಟದ್ದನ್ನು ಅದೇ ಸಭೆ ಕಿತ್ತುಕೊಳ್ಳುತ್ತೆ.

ಇನ್ನು ನಮ್ಮ ಪಕ್ಕದ ಈಜಿಪುರ. 2013ರ ಜನವರಿಯಲ್ಲಿ ಅಲ್ಲಿನ ಬಡವರ ವಸತಿಗೃಹಗಳ ಜಾಗದಿಂದ ಸುಮಾರು ಒಂದೂವರೆ ಸಾವಿರ ಕುಟುಂಬಗಳನ್ನು ಬುಲ್ಡೋಜರ್ ತಂದು ಬೀದಿಗೆ ಹಾಕಿದರು. ಪಾಲಿಕೆಯ ಜಾಗ, ಖಾಸಗಿಯವರ ಜೊತೆ ಕರಾರು, ಮಾಲ್ ಕಟ್ಟುವ ಯೋಜನೆ. ನೆನಪಿಡಿ, ಆಗ ಚುನಾಯಿತ ಪಾಲಿಕೆ ಇತ್ತು. ಅಂದ್ರೆ ಚುನಾವಣೆ ಆದ ಮಾತ್ರಕ್ಕೆ ನಮ್ಮ ಸೂರು ಉಳಿಯೋದಿಲ್ಲ. ಒಳಗೆ ಕೂತವರು ಯಾರಿಗೆ ಅಂಜಿ ಕೂತಿದ್ದಾರೆ ಅನ್ನೋದು ಮುಖ್ಯ.

ಒಂದು ಗೆಲುವನ್ನೂ ಹೇಳಬೇಕು. 1970ರ ದಶಕದಲ್ಲಿ ಅರಸು ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದರು. ಪೌರಕಾರ್ಮಿಕರು ವರ್ಷಾನುಗಟ್ಟಲೆ ಬೀದಿಗಿಳಿದು ಹೋರಾಡಿದ ಮೇಲೆ 2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಜನಕ್ಕೆ ಖಾಯಂ ನೇಮಕದ ಪತ್ರ ಸಿಕ್ಕಿತು. ಒಳಗೆ ನಮ್ಮವನು, ಹೊರಗೆ ನಮ್ಮ ಕೂಗು. ಎರಡೂ ಬೇಕು.

ಈಗ ಮಾಡಬೇಕಾದದ್ದೇನು? ಈ ಸಲದ ಗೆರೆ ಬಿದ್ದಾಯ್ತು. ಆದರೆ ಇದು ಕಡೇ ಗೆರೆ ಅಲ್ಲ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಅನ್ನು ಎಣಿಕೆಯ ದಿನ ಅಂತ ಕೇಂದ್ರ ಸರ್ಕಾರ 2025ರ ಜೂನಿನಲ್ಲೇ ಸಾರಿತು. ಹೊಸ ಲೆಕ್ಕ ಬಂದಮೇಲೆ ಗೆರೆಯ ಪ್ರಶ್ನೆ ಮತ್ತೆ ಏಳುತ್ತೆ. ಅಷ್ಟರೊಳಗೆ ನಾವು ತಯಾರಾಗಬೇಕು.

ಒಂದು: ಒಂದೊಂದು ಹಾಸ್ಟೆಲಿನವರು ಒಂದೊಂದು ಕೇರಿ ಹಿಡೀರಿ. ಜೆ.ಪಿ. ನಗರದ ಪಕ್ಕದ ರಾಗಿಗುಡ್ಡ ಇದೆ, ಈಜಿಪುರ ಇದೆ. ವಾರ್ಡಿನ ನಕ್ಷೆ ಕೈಲಿಟ್ಟುಕೊಂಡು ಗೆರೆಯ ಉದ್ದಕ್ಕೂ ಕಾಲ್ನಡಿಗೆಯಲ್ಲಿ ಹೋಗಿ. ಕೇರಿ ಎಲ್ಲಿ ಸೀಳಿದೆ, ನಲ್ಲಿ ಯಾವ ವಾರ್ಡಿಗೆ, ಕಕ್ಕಸು ಯಾವ ವಾರ್ಡಿಗೆ, ಬರೆದಿಡಿ.

ಎರಡು: ಎಣಿಕೆಯವರು ಶೀಟಿನ ಮನೆಗೆ ಬಂದರೋ ಇಲ್ಲವೋ ನೋಡಿಕೊಳ್ಳಿ. ಬರದಿದ್ದರೆ ಕರ್ಕೊಂಡು ಬನ್ನಿ. ಜಾತಿ ಹೇಳೋಕೆ ಹಿಂಜರಿಯೋರ ಪಕ್ಕ ನಿಂತುಕೊಳ್ಳಿ.

ಮೂರು: ವಾರ್ಡ್ ಸಮಿತಿ. 243ಎಸ್ ವಿಧಿ ಇದನ್ನು ಹೇಳುತ್ತೆ. ಬಿಬಿಎಂಪಿ ಕಾಲದ ಕಾನೂನು ಹತ್ತು ಜನರ ಸಮಿತಿಯಲ್ಲಿ ಕಡೇಪಕ್ಷ ಇಬ್ಬರು ಪರಿಶಿಷ್ಟರು, ಮೂವರು ಹೆಂಗಸರು ಇರಬೇಕು ಅಂದಿತ್ತು. ಆ ಹೆಸರುಗಳನ್ನ ಕೇರಿ ಸಭೆ ಸೇರಿ ಕೊಡಬೇಕು. ಯಾರದೋ ಜೇಬಿನಿಂದ ಬರಬಾರದು.

ನಾಲ್ಕು: ಅರ್ಜಿ ಬರೆಯೋದು ಕಲೀರಿ. ದಿನಾಂಕ, ವಾರ್ಡು, ಬೀದಿ, ಎಷ್ಟು ಮನೆ, ಏನು ಬೇಕು, ಯಾಕೆ ಬೇಕು. ಒಂದು ಪುಟ ಸಾಕು. ಹೆಬ್ಬೆಟ್ಟೂ ಸಹಿಯೇ. ಮುದ್ರೆ ಹಾಕಿದ ಸ್ವೀಕೃತಿ ಇಲ್ಲದೆ ವಾಪಸು ಬರಬೇಡಿ.

ಗೆಳೆಯರೇ, ನಿಮ್ಮ ಅಪ್ಪ ಅವ್ವ ಹೊಟ್ಟೆ ಕಟ್ಟಿ ನಿಮ್ಮನ್ನು ಓದಿಸಿದ್ದು ನಿಮಗೊಂದು ನೌಕರಿ ಸಿಗಲಿ ಅಂತ. ಅದು ಸಿಗಲಿ. ಆದರೆ ಆ ಅಕ್ಷರದ ಮೇಲೆ ಕೇರಿಯ ಸಾಲವೂ ಇದೆ. ಮುಂದಿನ ಸಲ ಸರ್ಕಾರ ಹದಿನೈದು ದಿವಸ ಕೊಟ್ಟಾಗ, ಮೊದಲನೇ ದಿವಸವೇ ನಮ್ಮ ಕೇರಿಯ ಕಾಗದ ಆ ಮೇಜಿನ ಮೇಲೆ ಬೀಳಬೇಕು. ಈ ಸಲ ಕೇಳಿದ ಪ್ರಶ್ನೆಯನ್ನ ಮುಂದಿನ ಸಭೆಯಲ್ಲೂ ಕೇಳ್ತೀವಿ. ಆಗ ಎಲ್ಲರ ಕೈಯೂ ಮೇಲಿರಲಿ.

ಜೈ ಭೀಮ್.