ಯಾವ ಬಾಗಿಲಿನಿಂದ ಬಂತು?
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಕಚೇರಿಯಲ್ಲಿ ಒಂದು ಕಂಪ್ಯೂಟರು ಇದೆ. ನಿಮ್ಮ ಹೆಸರು, ಊರು, ಕಟ್ಟಿದ ವರ್ಗಣಿ, ಗ್ರಾಚ್ಯುಯಿಟಿ ದಾವೆಯ ಕಾಗದಗಳು ಎಲ್ಲವೂ ಅದರೊಳಗಿವೆ. ಅದು ನಡೆಯುವುದು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ ಮೇಲೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಆದರೆ ಅದರೊಳಗೆ ಏನೇನು ಹಾಕಿದೆವೆಂಬ ಲೆಕ್ಕ ಇಡಲೇಬೇಕು.

ಹೋಟೆಲಿನ ಉಗ್ರಾಣ ಕಂಡವರು ನಾವು. ಮಂಡಿಯಿಂದ ಬಂದ ಅಕ್ಕಿಮೂಟೆಗೆ ಚೀಟಿ ಇರುತ್ತದೆ. ಹುಳು ಬಿದ್ದರೆ ಯಾರಲ್ಲಿಗೆ ಹೋಗಬೇಕೆಂದು ಗೊತ್ತು. ಚೀಟಿ ಇಲ್ಲದ ಮೂಟೆಗೆ ಯಾರನ್ನು ಕೇಳೋಣ?

ಕಂಪ್ಯೂಟರಿಗೂ ಬಾಗಿಲುಗಳು ಹಲವು. ಮುಂಬಾಗಿಲಿನ ಹೆಸರು ಏಪಿಟಿ. ಅಲ್ಲಿಂದ ಬಂದ ಸಾಫ್ಟ್‌ವೇರಿನ ದಿನಾಂಕ, ಗಂಟೆ, ಕೊಟ್ಟ ಅಪ್ಪಣೆ ಎಲ್ಲವನ್ನೂ ಕಂಪ್ಯೂಟರೇ ‘ಹಿಸ್ಟರಿ ಡಾಟ್ ಲಾಗ್’ ಎಂಬ ಕಡತದಲ್ಲಿ ಬರೆದಿಡುತ್ತದೆ. ‘ಏಪಿಟಿ-ಮಾರ್ಕ್’ ಎಂಬ ಅಪ್ಪಣೆಯಿಂದ ಕೇಳಿ ತರಿಸಿದ್ದು ಯಾವುದು, ಅದರ ಬೆನ್ನಿಗೆ ತಾನಾಗಿ ಬಂದದ್ದು ಯಾವುದು ಎಂದು ತಿಳಿಯಬಹುದು. ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್, ಪಿಪ್ ಎಂಬುವು ಬೇರೆ ಬಾಗಿಲುಗಳು. ಇವುಗಳ ಪಟ್ಟಿಯೂ ಬೇರೆ ಬೇರೆ. ‘ಲಿಸ್ಟ್’ ಎಂದು ಒಂದೊಂದನ್ನೂ ಕೇಳಬೇಕು. ಕೊನೆಯದು, ಮೂಲಪಾಠ ತಂದು ನಾವೇ ಕಟ್ಟಿ ಕೂಡಿಸುವುದು. ಅದು ಏಪಿಟಿಯ ಯಾವ ಪಟ್ಟಿಗೂ ಏರುವುದಿಲ್ಲ.

ಇದರಿಂದ ನಷ್ಟವೇನೆಂದು ಕೇಳುವಿರಿ. ಸಾಫ್ಟ್‌ವೇರಿನಲ್ಲಿ ದೋಷ ಕಂಡುಬಂದರೆ ಅದನ್ನು ಮಾಡಿದವರು ತಿದ್ದಿ ಕಳುಹಿಸುತ್ತಾರೆ. ಮುಂಬಾಗಿಲಿನ ತಿದ್ದುಪಡಿ ಮುಂಬಾಗಿಲಿನಿಂದ ಬಂದದ್ದಕ್ಕೆ ಮಾತ್ರ ಸಲ್ಲುತ್ತದೆ. ಕೈಯಾರೆ ಕಟ್ಟಿದ್ದು ಹಾಗೇ ತೂತು ಬಿದ್ದು ಉಳಿಯುತ್ತದೆ. ಆ ತೂತಿನಿಂದ ಕಳ್ಳ ನುಗ್ಗಿದರೆ ಹೋಗುವುದು ನಿಮ್ಮ ದಾವೆಯ ಕಾಗದ.

ಹಿಸ್ಟರಿ ಕಡತ ಇದೆಯಲ್ಲ ಎಂದು ಸುಮ್ಮನಿರಬೇಡಿ. ಸಾಮಾನ್ಯವಾಗಿ ಅದು ತಿಂಗಳಿಗೊಂದು ಹಾಳೆ ತಿರುವುತ್ತದೆ. ಹಳೆಯ ಹಾಳೆ 12 ಉಳಿಸಿಕೊಂಡು ಮಿಕ್ಕದ್ದನ್ನು ಅಳಿಸುತ್ತದೆ. ಏಕೆ ಹಾಕಿದೆವು ಎಂಬುದನ್ನಂತೂ ಬರೆಯುವುದೇ ಇಲ್ಲ.

ಆದ್ದರಿಂದ ಮೇಜಿನ ಮೇಲೊಂದು ವಹಿ ಇಡೋಣ. ಸಾಫ್ಟ್‌ವೇರಿನ ಹೆಸರು, ತಾರೀಖು, ಬಾಗಿಲು, ಕೊಟ್ಟ ಅಪ್ಪಣೆ, ಕಾರಣ, ತೆಗೆಯುವ ಬಗೆ, ಹಾಕಿದವರ ಸಹಿ, ಇಷ್ಟೇ ಕಲಮುಗಳು. ಸಾಧ್ಯವಾದಷ್ಟೂ ಮುಂಬಾಗಿಲನ್ನೇ ಬಳಸೋಣ.

ನಮ್ಮಲ್ಲಿ ಇಂದು ಇದ್ದವರು ನಾಳೆ ಬೇರೆ ಹೋಟೆಲಿಗೋ ಊರಿಗೋ ಹೊರಡುತ್ತಾರೆ. ಅವರ ತಲೆಯಲ್ಲಿದ್ದ ಲೆಕ್ಕವೂ ಜೊತೆಗೇ ಗಾಡಿ ಹತ್ತುತ್ತದೆ. ಮಿಲ್ಲಿನ ಮಸ್ಟರಿನಲ್ಲಿ ಹೆಸರು ಬೀಳದಿದ್ದರೆ ದುಡಿದ ದಿನವೂ ದಕ್ಕದೆಂದು ನಿಮಗೆ ಹೇಳಬೇಕಿಲ್ಲ. ಕಂಪ್ಯೂಟರಿನ ಮಸ್ಟರನ್ನೂ ಅಷ್ಟೇ ಜಾಗ್ರತೆಯಿಂದ ಇಂದಿನಿಂದಲೇ ಬರೆಯಲು ತೊಡಗೋಣ.